ಡಬಲ್ಲೋ ಟ್ರೆಬಲ್ಲೋ

ಕಳೆದ ಏಪ್ರಿಲ್‌ನಲ್ಲಿ ರಜೆಗೆಂದು ದಾವಣಗೆರೆಗೆ ಬಂದ ಮೊಮ್ಮಗಳು ಫೋನಿನಲ್ಲಿ ಒಂದು ಟಾಪಿನ ಚಿತ್ರ ತೋರಿಸಿ, "ಅಜ್ಜಿ, ನಿನಗೆ ಕ್ರೋಶಾ ಬರುತ್ತಲ್ಲ, ಇದನ್ನ ಹಾಕಿಕೊಡು" ಅಂದಳು. ತೋಳಿಲ್ಲದ್ದು. ಎದೆಯ ಮೇಲೆ ಹೂವಿನ ಜಾಲರಿ, ಕೆಳಗೆ ಗಾಳಿಯಾಡುವಂಥ ಸಡಿಲ ಕಣ್ಣುಗಳು. ನಮ್ಮೂರಿನ ಬಿಸಿಲಿಗೆ ಹೇಳಿ ಮಾಡಿಸಿದ ಬಟ್ಟೆ. ಬೆಣ್ಣೆ ಬಣ್ಣದ ಹತ್ತಿ ದಾರದ ಉಂಡೆಗಳನ್ನು ತಂದೆ, ಮೂರೂವರೆ ಮಿಲಿಮೀಟರಿನ ಕಡ್ಡಿ ಹಿಡಿದೆ. ಅವಳು ಸಾಲು ಸಾಲಾಗಿ ಓದಿದಳು, ನಾನು ಹಾಕಿದೆ. ಅವಳು ಡಬಲ್ ಅಂದಲ್ಲೆಲ್ಲ ಡಬಲ್. ಒಂದು ವಾರ ಕಳೆದ ಮೇಲೆ, ಮುಗಿದ ಹಿಂಭಾಗವನ್ನು ಅವಳ ಬೆನ್ನಿಗೆ ಹಿಡಿದು ನೋಡಿದರೆ ಪಕ್ಕೆಲುಬು ದಾಟಿ ಕೆಳಕ್ಕೆ ಇಳಿದೇ ಇಲ್ಲ. ಅಗಲ ಸರಿಯಾಗಿದೆ, ಉದ್ದ ಅರ್ಧ.

ಕೈ ತಪ್ಪಿರಲಿಲ್ಲ, ಹೆಸರು ತಪ್ಪಿತ್ತು. ಅಮ್ಮ ಕಲಿಸಿದ ಲೆಕ್ಕದಲ್ಲಿ ಡಬಲ್ ಎಂದರೆ ಗಿಡ್ಡ ಹೊಲಿಗೆ. ಕಡ್ಡಿಗೆ ದಾರವನ್ನು ಮೊದಲೇ ಒಂದು ಸುತ್ತು ಸುತ್ತಿಕೊಂಡು ಎಳೆಯುವ ಎತ್ತರದ ಕಂಬಕ್ಕೆ ಟ್ರೆಬಲ್ ಎಂದು ಹೆಸರು. ಅದು ಬ್ರಿಟಿಷರ ಲೆಕ್ಕ. ಅಮೆರಿಕದವರು ಆ ಗಿಡ್ಡ ಹೊಲಿಗೆಯನ್ನು ಸಿಂಗಲ್ ಎನ್ನುತ್ತಾರೆ, ಎತ್ತರದ್ದನ್ನು ಡಬಲ್. ಮೊಮ್ಮಗಳು ಓದುತ್ತಿದ್ದದ್ದು ಅಮೆರಿಕದವರ ವಿವರ.

ಅಮ್ಮ ಇಂಗ್ಲಿಷ್ ಓದಿದವಳಲ್ಲ. 1940ರ ದಶಕದಲ್ಲಿ ಹೆಣ್ಣುಮಕ್ಕಳ ಶಾಲೆಯ ಹೊಲಿಗೆ ಪಿರಿಯಡ್‌ನಲ್ಲಿ ಉಕ್ಕಿನ ಸಣ್ಣ ಕಡ್ಡಿ ಹಿಡಿದು ಚೈನು, ಡಬಲ್ಲು, ಟ್ರೆಬಲ್ಲು ಕಲಿತಳು. ಆ ಮೂರು ಪದಗಳನ್ನು ಒಲೆ, ಒನಕೆಗಳಷ್ಟೇ ಸಹಜವಾಗಿ ಕೊನೆಯವರೆಗೆ ಆಡಿದಳು. ನಮ್ಮ ಲಂಗದ ಅಂಚು, ದಿಂಬಿನ ಗವುಸಿನ ತುದಿ, ರೇಡಿಯೋದ ಹೊದಿಕೆ, ಹಾಲಿನ ಪಾತ್ರೆಗೆ ಮುಚ್ಚುವ ಮಣಿ ಪೋಣಿಸಿದ ಜಾಲರಿ, ಎಲ್ಲವೂ ಅವಳ ಕಡ್ಡಿಯಿಂದ ಬಂದವು. ಆ ಪದಗಳು ಎಲ್ಲಿಂದ ಬಂದು ಅವಳ ಬಾಯಲ್ಲಿ ಕೂತವೆಂದು ನಾನು ಒಮ್ಮೆಯೂ ಕೇಳಲಿಲ್ಲ. ಈ ಗಿಡ್ಡ ಟಾಪು ಕೇಳಿಸಿತು.

ಕ್ರೋಶಾ ಎಂಬ ಹೆಸರು ಫ್ರೆಂಚಿನದು, ಸಣ್ಣ ಕೊಕ್ಕೆ ಎಂದಷ್ಟೇ ಅರ್ಥ. ಆದರೆ ಆ ಕೊಕ್ಕೆಯ ಹಿಂದಿನ ಹಾದಿ ನಮ್ಮ ಕಡೆಗೇ ತಿರುಗಬಹುದು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ತುದಿಯಲ್ಲಿ ಕೊಕ್ಕೆಯಿರುವ ಸೂಜಿಯಿಂದ ಸರಪಳಿ ಹೊಲಿಗೆ ಹಾಕುವ ಆರಿ ಕೆಲಸ ಕಛ್‌ನ ಮೋಚಿಗಳ ಕಸುಬಾಗಿತ್ತು. ಇಂದು ನಮ್ಮ ಮದುವೆ ರವಿಕೆಗಳಿಗೆಲ್ಲ ಹಾಕಿಸುವ ಆರಿ ವರ್ಕ್ ಅದೇ. ಪೂರ್ವದ ಇಂಥ ಕಸೂತಿ 18ನೆಯ ಶತಮಾನದಲ್ಲಿ ಯುರೋಪಿನ ಸಿರಿವಂತ ಹೆಂಗಸರ ಕೈಸೇರಿತು. ಕಾಲಕ್ರಮದಲ್ಲಿ ಕೆಳಗಿನ ಬಟ್ಟೆಯನ್ನೇ ತೆಗೆದುಹಾಕಿ ಗಾಳಿಯಲ್ಲಿ ಸರಪಳಿ ಹೆಣೆಯತೊಡಗಿದಾಗ ಕ್ರೋಶಾ ಹುಟ್ಟಿತು ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಎರಡೂ ಕೆಲಸ ಬಲ್ಲ ನನ್ನ ಬೆರಳುಗಳಿಗೆ ಈ ಮಾತು ನಂಬಲು ಕಷ್ಟವೆನಿಸುವುದಿಲ್ಲ.

ಈ ಕೊಕ್ಕೆ ಹೊಟ್ಟೆಪಾಡಿನ ಸಾಧನವಾದದ್ದು ಐರ್ಲೆಂಡಿನಲ್ಲಿ. 1845ರಲ್ಲಿ ಅಲ್ಲಿನ ಆಲೂಗಡ್ಡೆ ಬೆಳೆಗೆ ಅಂಗಮಾರಿ ಬಿತ್ತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು, ಕಾಯಿಲೆಗಳಿಂದ ಸತ್ತರು; ಅಷ್ಟೇ ಜನ ಹಡಗು ಹತ್ತಿದರು. ಕಾರ್ಕ್ ಪಟ್ಟಣದ ಬಳಿ ಉರ್ಸುಲೈನ್ ಸನ್ಯಾಸಿನಿಯರು ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ಉತ್ತರದ ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ 1847ರಲ್ಲಿ ಬಡವರ ಮನೆಗಳಿಗೆ ಈ ಕೆಲಸ ತಂದುಕೊಟ್ಟರು. ಬೇಕಾದದ್ದು ಒಂದು ಕೊಕ್ಕೆ, ಒಂದಿಷ್ಟು ದಾರ, ಅಷ್ಟೆ. ವೆನಿಸ್‌ನ ಸೂಜಿ ಲೇಸನ್ನು ಹೋಲುವ ಬಟ್ಟೆ, ಅದಕ್ಕಿಂತ ಎಷ್ಟೋ ಬೇಗ, ಗುಡಿಸಲಿನ ಬೆಳಕಿನಲ್ಲೇ ತಯಾರಾಗುತ್ತಿತ್ತು.

ಅವರ ವಿಧಾನ ನನಗೆ ಬಹಳ ಇಷ್ಟ. ನಮ್ಮ ಹಾಗೆ ಕೆಳಗಿನಿಂದ ಮೇಲಕ್ಕೆ ಸಾಲುಗಟ್ಟಿ ಹೋಗುತ್ತಿರಲಿಲ್ಲ. ದಪ್ಪ ಎಳೆಯೊಂದನ್ನು ಒಳಗಿಟ್ಟು ಅದರ ಸುತ್ತ ಹೊಲಿಗೆ ಹಾಕಿ ಗುಲಾಬಿ, ಮೂರೆಲೆಯ ಶ್ಯಾಮ್‌ರಾಕ್, ಜರಿಗಿಡ, ದ್ರಾಕ್ಷಿ ಗೊಂಚಲುಗಳನ್ನು ಬಿಡಿಬಿಡಿಯಾಗಿ ಮಾಡುತ್ತಿದ್ದರು. ಆಮೇಲೆ ಉಡುಪಿನ ಆಕಾರದ ಬಟ್ಟೆಯ ಮೇಲೆ ಆ ಹೂಗಳನ್ನು ಮುಖ ಕೆಳಗಾಗಿ ಹರಡಿ, ಕಚ್ಚು ಹಾಕಿ, ನಡುವಿನ ಜಾಗವನ್ನು ಸಣ್ಣ ಗಂಟುಗಳ ಜಾಲರಿಯಿಂದ ತುಂಬುತ್ತಿದ್ದರು. ಆ ಗಂಟಿಗೆ ಇವತ್ತಿಗೂ ಕ್ಲೋನ್ಸ್ ಎಂದೇ ಹೆಸರು. ಒಬ್ಬಳು ಗುಲಾಬಿ ಮಾಡಿದರೆ ಇನ್ನೊಬ್ಬಳು ಎಲೆ, ಮತ್ತೊಬ್ಬಳು ಜೋಡಿಸುವವಳು. ಹೀಗೆ ಹಲವರ ಕೈ ಸೇರಿ ಒಂದು ರವಿಕೆ. 20ನೆಯ ಶತಮಾನದ ಮೊದಲ ದಶಕದಲ್ಲಿ ಪ್ಯಾರಿಸ್, ನ್ಯೂಯಾರ್ಕ್‌ನ ಸಿರಿವಂತೆಯರು ಬೇಸಿಗೆಯಲ್ಲಿ ತೊಟ್ಟು ಮೆರೆದ ಐರಿಷ್ ಲೇಸಿನ ಬಿಳಿ ಮೇಲುಡುಪು ಇದೇ. ಮೊಮ್ಮಗಳ ಫೋನಿನಲ್ಲಿದ್ದ ಟಾಪಿನ ಎದೆಯ ಮೇಲಿನ ಗುಲಾಬಿ, ಹಸಿದ ಊರಿನ ಗುಲಾಬಿಯ ಕುಡಿ.

ಅದೇ ಹೊತ್ತಿಗೆ ಈ ಕೆಲಸ ನಮ್ಮ ಪಕ್ಕದ ನಾಡಿಗೂ ಬಂದಿತ್ತು. ಸ್ಕಾಟ್ಲೆಂಡಿನ ಮೆಕ್ರೇ ಎಂಬ ಮಿಷನರಿ ದಂಪತಿ 1844ರಲ್ಲಿ ಗೋದಾವರಿ ಸೀಮೆಯ ಹೆಂಗಸರಿಗೆ ಲೇಸು ಕಲಿಸಿದರು. ನರಸಾಪುರ ಅದರ ದೊಡ್ಡ ಕೇಂದ್ರವಾಯಿತು. 2024ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆಯೂ ಸಿಕ್ಕಿತು. ಅಲ್ಲಿಯೂ ಹೂ ಹಾಕುವವರು ಬೇರೆ, ಜೋಡಿಸುವವರು ಬೇರೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಆ ಹೆಂಗಸರ ಬಗ್ಗೆ ಬರೆದ ಪುಸ್ತಕ 1982ರಲ್ಲಿ ಬಂತು. ಅಡುಗೆ, ನೀರು, ಮಕ್ಕಳು ಎಲ್ಲವನ್ನೂ ಮುಗಿಸಿ ಅವರು ದಿನಕ್ಕೆ ಆರೆಂಟು ಗಂಟೆ ಲೇಸು ಹಾಕುತ್ತಿದ್ದರು. ಲೇಸು ಕಡಲಾಚೆಯ ಮಾರುಕಟ್ಟೆಗೆ ಹೋಗುತ್ತಿತ್ತು, ವ್ಯಾಪಾರ ಗಂಡಸರ ಕೈಲಿತ್ತು, ಹಾಕಿದವಳಿಗೆ ಸಿಗುತ್ತಿದ್ದದ್ದು ಪುಡಿಗಾಸು. ಅವಳು ಮನೆಯಲ್ಲಿ ಸುಮ್ಮನೆ ಕೂತವಳು, ಬಿಡುವಿನಲ್ಲಿ ಕೈಯಾಡಿಸುವವಳು ಎಂದು ಎಲ್ಲರೂ ಎಣಿಸಿದ್ದರಿಂದ ಅದು ಕೂಲಿ ಎಂದೇ ಯಾರಿಗೂ ಕಾಣಲಿಲ್ಲ.

ಬಿಡುವು ಎಂಬ ಆ ಮಾತು ನನ್ನನ್ನು ಚುಚ್ಚುತ್ತದೆ. ನಮ್ಮ ಮನೆಗೆ ಬಂದವರೂ ಅಮ್ಮನ ಲೇಸು ನೋಡಿ, ನಿಮಗೆ ತುಂಬಾ ಬಿಡುವು ಎನ್ನುತ್ತಿದ್ದರು. ಅವಳಿಗೆ ಬಿಡುವಿರಲಿಲ್ಲ. ಅನ್ನ ಬೇಯುವಷ್ಟರಲ್ಲಿ ಒಂದು ಸಾಲು, ನಲ್ಲಿಗೆ ನೀರು ಬರುವವರೆಗೆ ಅರ್ಧ ಹೂವು. ಆ ಸಮಯವನ್ನು ಅವಳು ಕೂಡಿಸಿ ಇಟ್ಟಳು.

ಯಂತ್ರ ಈ ಕೆಲಸವನ್ನು ಇನ್ನೂ ಕಸಿದುಕೊಂಡಿಲ್ಲ. ಉಣ್ಣೆ ಹೆಣಿಗೆಗೆ ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಯಂತ್ರ ಮಾಡಿದ. ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಕಾದು ನಿಂತಿರುತ್ತವೆ. ಯಂತ್ರಕ್ಕೆ ಅದು ಅನುಕೂಲ. ಕ್ರೋಶಾದಲ್ಲಿ ಒಂದು ಹೊಲಿಗೆ ಮುಗಿದರೆ ಕಡ್ಡಿಯಲ್ಲಿ ಉಳಿಯುವುದು ಒಂದೇ ಕುಣಿಕೆ. ಮುಂದಿನದನ್ನು ಎಲ್ಲಿ ಚುಚ್ಚಬೇಕೆಂದು ಕಣ್ಣು, ಬೆರಳು ಸೇರಿ ಪ್ರತಿ ಸಲವೂ ನಿರ್ಧರಿಸಬೇಕು. ಕಾರ್ಖಾನೆಯ ಯಂತ್ರಗಳು ಮಾಡುವುದು ಅದರ ಹೋಲಿಕೆಯನ್ನು ಮಾತ್ರ. ಹಾಗಾಗಿ ಅಂಗಡಿಯಲ್ಲಿ ನಿಜವಾದ ಕ್ರೋಶಾ ಟಾಪು ಅಗ್ಗಕ್ಕೆ ಸಿಕ್ಕರೆ, ಎಲ್ಲೋ ಒಬ್ಬಳ ಕೂಲಿ ಅಷ್ಟರಮಟ್ಟಿಗೆ ಕಡಿಮೆಯಾಗಿದೆ ಎಂದೇ ನಾನು ತಿಳಿಯುತ್ತೇನೆ. ಅಂಥದ್ದನ್ನು ಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಒಂದೇ ಕುಣಿಕೆ ಇರುವುದರಿಂದ ಬಿಚ್ಚುವುದೂ ಸುಲಭ. ತುದಿ ಹಿಡಿದು ಎಳೆದೆ. ವಾರದ ಕೆಲಸ ಹತ್ತು ನಿಮಿಷದಲ್ಲಿ ಗುಂಗುರು ಕೂದಲಿನಂತೆ ನೆಲದ ಮೇಲೆ ಬಿದ್ದಿತು. ಮೊಮ್ಮಗಳ ಕಣ್ಣಲ್ಲಿ ನೀರು. ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನೀರಿನಲ್ಲಿ ಅದ್ದಿ, ತುದಿಗೆ ಹಿತ್ತಾಳೆ ಚೊಂಬು ತೂಗುಹಾಕಿ ಹಿತ್ತಲಲ್ಲಿ ಒಣಗಿಸಿದೆ. ಸಂಜೆಗೆ ಸುಕ್ಕು ಬಿಟ್ಟು ನೇರವಾಯಿತು.

ಮರುದಿನ ಮತ್ತೆ ಕೂತೆವು. ಈ ಸಲ ಕಡ್ಡಿಯನ್ನು ಅವಳ ಕೈಗೆ ಕೊಟ್ಟೆ. ಹಾಳೆಯ ಮೇಲೆ ಎರಡು ಸಾಲು ಬರೆದು ಗೋಡೆಗೆ ಅಂಟಿಸಿದಳು: ನನ್ನ ಸಿಂಗಲ್, ಅಜ್ಜಿಯ ಡಬಲ್; ನನ್ನ ಡಬಲ್, ಅಜ್ಜಿಯ ಟ್ರೆಬಲ್. ಆಮೇಲೆ ಅಡುಗೆಮನೆಯಲ್ಲಿ ಕುಕ್ಕರು ಮೂರನೇ ಸಲ ಕೂಗುವವರೆಗೆ ಒಂದೂವರೆ ಸಾಲು ಹಾಕಿದಳು.