ಬೋಧಿಸತ್ವ

ಬೋಧಿಸತ್ವ (ನಾ.)

ಏಪ್ರಿಲ್ 14 ಬಂತೆಂದರೆ ಬೆಂಗಳೂರಿನ ಬನಶಂಕರಿ, ಬಿಟಿಎಂ ಲೇಔಟ್ ಕಡೆಯ ಫ್ಲೆಕ್ಸ್‌ಗಳಲ್ಲಿ ಅಂಬೇಡ್ಕರ್ ಹೆಸರಿನ ಹಿಂದೆ ಈ ಪದ ಕಾಣುತ್ತದೆ. ಗೌರವದ ಬಳಕೆ, ಸರಿಯಾದ ಬಳಕೆ. ಆದರೆ ಇದನ್ನು ‘ಬುದ್ಧ’ನಿಗೆ ಇನ್ನೊಂದು ಹೆಸರೆಂದು ತಿಳಿಯುವವರು ಬಹಳ.

‘ಬುಧ್’ ಧಾತುವಿಗೆ ಎಚ್ಚರಗೊಳ್ಳು, ಅರಿ ಎಂಬ ಅರ್ಥ. ‘ಸತ್ತ್ವ’ ಇಲ್ಲಿ ಸಾರವಲ್ಲ, ಜೀವಿ. ಪಾಲಿಯ ‘ಬೋಧಿಸತ್ತ’ ಎಂದರೆ ಅರಿವಿನ ದಾರಿಯಲ್ಲಿರುವವನು, ಇನ್ನೂ ಬುದ್ಧನಾಗದವನು. ಜಾತಕ ಕಥೆಗಳ ನಾಯಕ ಇವನೇ. ಮಹಾಯಾನದಲ್ಲಿ ಎಲ್ಲ ಜೀವಿಗಳ ಬಿಡುಗಡೆಗೆ ಸಂಕಲ್ಪ ತೊಟ್ಟವನು. ಮಂಗಳೂರಿನ ಕದ್ರಿಯಲ್ಲಿ ಕ್ರಿ.ಶ. 968ರ ಶಾಸನವಿರುವ ಕಂಚಿನ ಲೋಕೇಶ್ವರನನ್ನು ವಿದ್ವಾಂಸರು ಬೋಧಿಸತ್ವ ಅವಲೋಕಿತೇಶ್ವರನೆಂದೇ ಗುರುತಿಸುತ್ತಾರೆ.

ಪಶ್ಚಿಮಕ್ಕೆ ಹೊರಟ ಪದದ ಕಥೆ ಇನ್ನೂ ಸೊಗಸು. ಅರಬ್ಬಿಯಲ್ಲಿ ಅದು ‘ಬೂದಾಸಫ್’ ಆಯಿತು. ಆ ಲಿಪಿಯಲ್ಲಿ ಪದದ ಮೊದಲಿಗೆ ಬರುವ ‘ಬ’ಕ್ಕೆ ಕೆಳಗೆ ಒಂದು ಚುಕ್ಕೆ, ‘ಯ’ಕ್ಕೆ ಎರಡು. ಒಂದು ಚುಕ್ಕೆ ಹೆಚ್ಚಾಗಿ ‘ಯೂದಾಸಫ್’! ಅಲ್ಲಿಂದ ಜಾರ್ಜಿಯನ್ನಿನ ‘ಇಯೊದಸಫ್’, ಗ್ರೀಕಿನ ‘ಇಯೊಅಸಫ್’, 11ನೇ ಶತಮಾನದ ಲ್ಯಾಟಿನ್ನಿನಲ್ಲಿ ‘ಜೋಸಫಾತ್’. ಹೆಸರಿನ ಜೊತೆ ಬುದ್ಧನ ಕಥೆಯೂ ಹೋಯಿತು: ಮುಪ್ಪು, ರೋಗ, ಸಾವು ಮಗನ ಕಣ್ಣಿಗೆ ಬೀಳದಂತೆ ಅರಮನೆಯಲ್ಲಿ ಬಚ್ಚಿಟ್ಟ ರಾಜ, ಎಲ್ಲವನ್ನೂ ತೊರೆದು ಹೊರಟ ಮಗ. ಬರ್ಲಾಮ್ ಎಂಬ ಸನ್ಯಾಸಿಯಿಂದ ಅವನು ಕ್ರೈಸ್ತನಾಗುತ್ತಾನೆ ಎಂಬುದಷ್ಟೇ ಹೊಸತು. ರೋಮನ್ ಕ್ಯಾಥೊಲಿಕ್ ಸಂತರ ಪಟ್ಟಿಯಲ್ಲಿ ಇಬ್ಬರಿಗೂ ನವೆಂಬರ್ 27ರ ದಿನ ಸಂದಿತ್ತು. ಎರಡೂ ಕಥೆಗಳ ಹೋಲಿಕೆಯನ್ನು 17ನೇ ಶತಮಾನದ ಆರಂಭದಲ್ಲೇ ಗುರುತಿಸಿದವನು ಗೋವೆಯಲ್ಲಿದ್ದ ಪೋರ್ಚುಗೀಸ್ ಇತಿಹಾಸಕಾರ ದಿಯೊಗು ದು ಕೊತು.