ನೀಲಾಂಜನೆಯ ಸ್ಥಾನದಲ್ಲಿ ನಿಂತವಳು

ತಾಳಿಕೋಟೆ ಎಂದೊಡನೆ ಇತಿಹಾಸದ ವಿದ್ಯಾರ್ಥಿಗೆ 1565ರ ಯುದ್ಧ ನೆನಪಾಗುತ್ತದೆ. ಊರಿನೊಳಗೆ ನಡೆಯದ ಕಾಳಗವೊಂದು ಊರಿನ ಹೆಸರನ್ನೇ ತನ್ನದಾಗಿಸಿಕೊಂಡದ್ದು ವಿಚಿತ್ರ. ರಂಗಭೂಮಿಯ ಒಡನಾಟವುಳ್ಳವರಿಗಾದರೋ ಇದು ಶ್ರೀ ಖಾಸ್ಗತೇಶ್ವರ ನಾಟ್ಯ ಸಂಘದ ಊರು. ಕಂಪನಿ ನಾಟಕಗಳನ್ನು ಕಂಡು ಪಳಗಿದ ಪ್ರೇಕ್ಷಕರ ಊರು. ಅಲ್ಲಿ ನೂರು ಜನಕ್ಕೆ ಸಾಲುವಷ್ಟು ಚಿಕ್ಕದಾದ ಸಭಾಗೃಹವೊಂದರಲ್ಲಿ ಜಾದೂ ಪ್ರದರ್ಶನವನ್ನು ನೋಡುವ ಪ್ರಸಂಗ ನನಗೆ ಒದಗಿತು. ಐಂದ್ರಜಾಲಿಕನು ಹುಡುಗಿಯೊಬ್ಬಳನ್ನು ಪೆಟ್ಟಿಗೆಯಲ್ಲಿ ಕೂರಿಸಿ, ಕರಿಯ ಬಟ್ಟೆ ಹೊದಿಸಿ, ಮೂರೆಣಿಸಿ ತೆಗೆದಾಗ ಪೆಟ್ಟಿಗೆ ಬರಿದಾಗಿತ್ತು. ಮರುಕ್ಷಣದಲ್ಲಿ ಅದೇ ಉಡುಪಿನ ಹುಡುಗಿ ನಮ್ಮ ಬೆನ್ನ ಹಿಂದಿನ ಬಾಗಿಲಿನಿಂದ ನಗುತ್ತ ಬಂದಳು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿದ್ದ ಎಂಟೊಂಬತ್ತು ವರ್ಷದ ಬಾಲಕನೊಬ್ಬ ಮಾತ್ರ ಚಪ್ಪಾಳೆ ತಟ್ಟದೆ, ನನ್ನ ತೋಳು ಹಿಡಿದು, “ಅಜ್ಜಾರ, ಈಕಿ ಆಕಿ ಅಲ್ರಿ” ಎಂದ.

ಜೈನ ಪುರಾಣಗಳನ್ನು ಓದಿದ ಯಾರಿಗೇ ಆಗಲಿ ಈ ಮಾತು ಕೇಳಿದೊಡನೆ ಆದಿಪುರಾಣದ ನೀಲಾಂಜನೆಯ ಪ್ರಸಂಗ ಕಣ್ಣೆದುರು ನಿಲ್ಲದಿರದು. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿಯೂ, 941ರಲ್ಲಿ ಪಂಪನು ಕನ್ನಡದಲ್ಲಿಯೂ ಚಿತ್ರಿಸಿದ ಈ ಪ್ರಸಂಗ ಅವರಿಗಿಂತ ಬಹಳ ಹಳೆಯದು. ಮಥುರೆಯ ಕಂಕಾಲೀ ದಿಬ್ಬದಲ್ಲಿ ದೊರೆತು ಈಗ ಲಖನೌ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿಸ್ತಪೂರ್ವ ಕಾಲದ ಶಿಲಾಫಲಕವೊಂದರಲ್ಲಿ ವಿದ್ವಾಂಸರು ಇದನ್ನೇ ಗುರುತಿಸಿದ್ದಾರೆ.

ಕಥೆ ಸುಪರಿಚಿತ. 84 ಲಕ್ಷ ಪೂರ್ವಗಳ ಆಯುಷ್ಯದಲ್ಲಿ 83 ಲಕ್ಷ ಪೂರ್ವಗಳು ಕಳೆದರೂ ವೃಷಭನಾಥನು ರಾಜ್ಯಭೋಗದಲ್ಲಿಯೇ ಇದ್ದಾನೆ. ಅವನಲ್ಲಿ ವೈರಾಗ್ಯ ಹುಟ್ಟಿಸಬೇಕೆಂದು ಇಂದ್ರನು, ಆಯುಷ್ಯ ತೀರುತ್ತಿರುವ ಸುರನರ್ತಕಿ ನೀಲಾಂಜನೆಯನ್ನು ಅವನ ಆಸ್ಥಾನದಲ್ಲಿ ಕುಣಿಸುತ್ತಾನೆ. ಕುಣಿಯುತ್ತಿರುವಾಗಲೇ ಅವಳು ಮಿಂಚಿನಂತೆ ಮರೆಯಾಗುತ್ತಾಳೆ. ರಸಭಂಗವಾದೀತೆಂಬ ಅಂಜಿಕೆಯಿಂದ ಇಂದ್ರನು ಆ ಕ್ಷಣವೇ ಅಂಥದೇ ಇನ್ನೊಂದು ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ಅದೇ ರಂಗ, ಅದೇ ಲಯ, ಅದೇ ಹೆಜ್ಜೆ. ಸಭೆಗೆ ಏನೂ ತಿಳಿಯುವುದಿಲ್ಲ. ವೃಷಭನೊಬ್ಬನಿಗೆ ತಿಳಿಯುತ್ತದೆ.

ಇಂದಿನ ಜಾದೂಗಾರರ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಶುದ್ಧ ಅದಲುಬದಲಿನ ಆಟ. ಆದರೆ ಇಲ್ಲೊಂದು ತೊಡಕಿದೆ. ನಮ್ಮ ವಿಮರ್ಶೆ ಅದನ್ನು ಸಾಕಷ್ಟು ಕೆಣಕಿದಂತೆ ನನಗೆ ತೋರಿಲ್ಲ. ಮರಣವನ್ನು ತೋರಿಸಲೆಂದೇ ನರ್ತಕಿಯನ್ನು ಕರೆತಂದ ಇಂದ್ರನು ಆ ಮರಣವನ್ನು ಮುಚ್ಚಿದ್ದೇಕೆ? ನೀಲಾಂಜನೆ ಅಳಿದ ಮೇಲೆ ರಂಗವು ಬರಿದಾಗಿಯೇ ಉಳಿದಿದ್ದರೆ ಅವನ ಉದ್ದೇಶ ಇನ್ನೂ ಸುಲಭವಾಗಿ ನೆರವೇರುತ್ತಿರಲಿಲ್ಲವೆ?

ಉತ್ತರಕ್ಕಾಗಿ ಜೈನರು ಇಂದ್ರಜಾಲದ ಬಗೆಗೆ ತಳೆದ ನಿಲುವನ್ನು ನೋಡಬೇಕು. ಸಮಂತಭದ್ರಾಚಾರ್ಯರ ಆಪ್ತಮೀಮಾಂಸೆಯ ಮೊದಲ ಕಾರಿಕೆಯೇ ಈ ವಿಷಯದ್ದು. ದೇವತೆಗಳು ಇಳಿದು ಬರುವುದು, ಆಕಾಶಗಮನ, ಚಾಮರ ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಾಣುತ್ತವೆ. ಆದಕಾರಣ ಅವುಗಳಿಂದ ಜಿನನು ತಮಗೆ ದೊಡ್ಡವನಲ್ಲ ಎಂದು ಅವರು ಜಿನನನ್ನೇ ಉದ್ದೇಶಿಸಿ ನುಡಿಯುತ್ತಾರೆ. ಸ್ತೋತ್ರವೊಂದು ಹೀಗೆ ಆರಂಭವಾಗುವುದು ಧೈರ್ಯದ ಮಾತೇ ಸರಿ. ಇದಕ್ಕೆ ಅಷ್ಟಶತೀ ವ್ಯಾಖ್ಯೆಯನ್ನು ಬರೆದ ಅಕಲಂಕರ ಬಗೆಗೂ ಇಂಥದೇ ಐತಿಹ್ಯವಿದೆ. ಹಿಮಶೀತಲನ ಸಭೆಯಲ್ಲಿ ಬೌದ್ಧರೊಡನೆ ವಾದ ನಡೆದಾಗ ಗಡಿಗೆಯಲ್ಲಿ ಗುಪ್ತವಾಗಿದ್ದ ತಾರಾದೇವಿಯನ್ನು ಅವರು ಗೆದ್ದು, ಗಡಿಗೆಯನ್ನು ಕಾಲಿನಿಂದ ಒಡೆದರೆಂದು ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಹೇಳುತ್ತದೆ. ಆ ಶಾಸನದ ಆಸುಪಾಸಿನಲ್ಲಿಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳ ಸಾಲಿಗೆ ಚಮತ್ಕಾರ ವಿನೋದವನ್ನೂ ಸೇರಿಸಿದ್ದಾನೆ. ಅರಮನೆಗೆ ಚಮತ್ಕಾರವು ವಿನೋದ. ತಾರ್ಕಿಕನಿಗೆ ಒಡೆಯಬೇಕಾದ ಗಡಿಗೆ.

ಸಂಸ್ಕೃತ ನಾಟಕದ ಹಾದಿ ಬೇರೆ. ಏಳನೆಯ ಶತಮಾನದ ಹರ್ಷನ ರತ್ನಾವಳಿಯ ನಾಲ್ಕನೆಯ ಅಂಕದಲ್ಲಿ ಉಜ್ಜಯಿನಿಯ ಐಂದ್ರಜಾಲಿಕನೊಬ್ಬನು ಉದಯನನ ಮುಂದೆ ನವಿಲುಗರಿಯ ಪಿಂಛಿಕೆಯನ್ನು ತಿರುಗಿಸುತ್ತ ಆಕಾಶದಲ್ಲಿ ದೇವತೆಗಳನ್ನು ತೋರಿಸುತ್ತಾನೆ. (ದಿಗಂಬರ ಮುನಿಯ ಕೈಯಲ್ಲಿ ಜೀವದಯೆಯ ಉಪಕರಣವಾಗಿರುವ ಅದೇ ನವಿಲುಗರಿ ಇಲ್ಲಿ ಕಣ್ಕಟ್ಟಿನ ಸಾಧನ!) ಬಳಿಕ ಅಂತಃಪುರಕ್ಕೆ ಬೆಂಕಿ ಬೀಳುತ್ತದೆ. ಉದಯನನು ಅದನ್ನು ನಂಬಿ ಒಳನುಗ್ಗಿ ಸಾಗರಿಕೆಯನ್ನು ಹೊರತರುತ್ತಾನೆ. ಬೆಂಕಿ ಸುಳ್ಳಾದರೂ ಪ್ರೀತಿ ನಿಜವಾಗಿ ಹೊರಬೀಳುತ್ತದೆ. ಮೋಸಹೋದ ಪ್ರೇಕ್ಷಕನಿಗೇ ಇಲ್ಲಿ ಫಲ ದೊರೆಯುವುದು.

ಆದಿಪುರಾಣದ ಪ್ರೇಕ್ಷಕನಾದರೋ ನಂಬಿ ನುಗ್ಗುವವನಲ್ಲ. ಹಾಗೆಂದು ಅವನು ಅಕಲಂಕರಂತೆ ಗಡಿಗೆಯನ್ನೂ ಒಡೆಯುವುದಿಲ್ಲ; ಸಭೆಯ ನಡುವೆ ಎದ್ದು, ಇವಳು ಅವಳಲ್ಲ ಎಂದು ಸಾರುವುದಿಲ್ಲ. ಕಂಡದ್ದನ್ನು ತನ್ನೊಳಗೆ ಇಟ್ಟುಕೊಂಡು ದೇಹದ ಅನಿತ್ಯತೆಯನ್ನು ನೆನೆಯುತ್ತಾನೆ. ನರ್ತಕಿಯ ಸಾವಷ್ಟೇ ಅಲ್ಲ, ಆ ಸಾವು ಯಾರಿಗೂ ಕಾಣದಂತೆ ಆಟ ಮುಂದುವರಿದದ್ದೂ ಅವನ ಚಿಂತನೆಗೆ ಕಾರಣವೆಂದು ನಾನು ಓದುತ್ತೇನೆ. ರಂಗವು ಬರಿದಾಗಿದ್ದರೆ ಸಭೆ ಮರುಗುತ್ತಿತ್ತು. ಮರಣಕ್ಕೆ ಮರುಗುವುದನ್ನು ಎಲ್ಲರೂ ಬಲ್ಲರು. ಸಂಸಾರದ ನಿಜವಾದ ಕಣ್ಕಟ್ಟು, ಹೋದವರ ತೆರವು ತುಂಬಿ ಹೋಗುವುದರಲ್ಲಿದೆ. ಉತ್ಪಾದ, ವ್ಯಯ, ಧ್ರೌವ್ಯ ಎಂದು ತತ್ತ್ವಾರ್ಥಸೂತ್ರ ಹೇಳುವ ಮೂರರಲ್ಲಿ ಇಲ್ಲಿ ಒಬ್ಬಳ ವ್ಯಯವಾಯಿತು, ಇನ್ನೊಬ್ಬಳ ಉತ್ಪಾದವಾಯಿತು. ಸಭೆಯಾದರೋ ಇಲ್ಲದ ಧ್ರೌವ್ಯವನ್ನು ಕಂಡಿತು. ಹೋಲಿಕೆಯನ್ನೇ ಸ್ಥಿರತೆಯೆಂದು ಬಗೆಯಿತು. ಇಂದ್ರನು ಮರಣವನ್ನು ಮುಚ್ಚದಿದ್ದರೆ ಈ ಪಾಠಕ್ಕೆ ಎಡೆಯೇ ಇರುತ್ತಿರಲಿಲ್ಲ.

ತೀರ್ಥಂಕರನು ಹುಟ್ಟಿನಿಂದಲೇ ಮತಿ, ಶ್ರುತ, ಅವಧಿ ಎಂಬ ಮೂರು ಜ್ಞಾನಗಳುಳ್ಳವನು. ಅವಧಿಜ್ಞಾನಕ್ಕೆ ಇದೇನು ಮಹಾ ಎಂದು ಯಾರಾದರೂ ಕೇಳಬಹುದು. ಶಾಸ್ತ್ರದೃಷ್ಟಿಯಿಂದ ಈ ಆಕ್ಷೇಪ ಯುಕ್ತವೇ. ಕಾವ್ಯದೃಷ್ಟಿಯಿಂದ ಅದು ನನಗೆ ರುಚಿಸದು. ವೃಷಭನು ಕಂಡದ್ದು ನೃತ್ಯವನ್ನು ತದೇಕಚಿತ್ತನಾಗಿ ನೋಡುತ್ತಿದ್ದುದರಿಂದ. ರಸದಲ್ಲಿ ಸಭೆಗಿಂತ ಆಳವಾಗಿ ತೊಡಗಿದ್ದವನಿಗೇ ಭೇದ ಗೋಚರಿಸಿತು ಎಂದು ತಿಳಿದರೆ ಪ್ರಸಂಗಕ್ಕೆ ಹೆಚ್ಚಿನ ಕಾವು ಬರುತ್ತದೆ. ತಾಳಿಕೋಟೆಯ ಆ ಬಾಲಕನಿಗೆ ಅವಧಿಜ್ಞಾನವಿರಲಿಲ್ಲ. ಪೆಟ್ಟಿಗೆ ಹೊಕ್ಕವಳ ಎಡಗೈಯಲ್ಲಿದ್ದ ಹಸಿರು ಬಳೆಗಳು ಹೊರಗೆ ಬಂದವಳ ಬಲಗೈಯಲ್ಲಿದ್ದುವೆಂದು ಅವನು ನನಗೆ ಆಮೇಲೆ ವಿವರಿಸಿದ. ನಾನೂ ಅಷ್ಟೇ ಹತ್ತಿರದಲ್ಲಿ ಕುಳಿತಿದ್ದೆ, ನನಗೆ ಕಂಡಿರಲಿಲ್ಲ.

ಮುಂದಿನದು ಪುರಾಣದಲ್ಲಿ ವಿಸ್ತಾರವಾಗಿಯೇ ಇದೆ. ಲೌಕಾಂತಿಕ ದೇವರು ಬರುತ್ತಾರೆ. ಭರತ ಬಾಹುಬಲಿಗಳಿಗೆ ರಾಜ್ಯ ಸಲ್ಲುತ್ತದೆ. ವೃಷಭನು ದೀಕ್ಷೆಗೆ ನಡೆಯುತ್ತಾನೆ. ನೀಲಾಂಜನೆಯ ಹೆಸರು ಸಾವಿರ ವರ್ಷಗಳ ಕನ್ನಡ ಕಾವ್ಯರಸಿಕರ ನಾಲಗೆಯಲ್ಲಿ ಉಳಿದಿದೆ. ಅವಳ ಸ್ಥಾನದಲ್ಲಿ ನಿಂತು, ಒಂದು ಹೆಜ್ಜೆಯೂ ತಪ್ಪದಂತೆ ನೃತ್ಯವನ್ನು ಮುಂದುವರಿಸಿದವಳಿಗೆ ಹೆಸರಿಲ್ಲ. ಜಿನಸೇನರಲ್ಲಿ ಅವಳು ಇನ್ನೊಂದು ದೇಹ ಮಾತ್ರ.