ಮೊಬೈಲ್ ರಿಪೇರಿ: ಫೋನ್ ಕೊಡುವಾಗ ಏನು ಕೇಳಬೇಕು, ವಾಪಸ್ ಪಡೆಯುವಾಗ ಏನು ನೋಡಬೇಕು

ಊರಿಗೆ ದುಡ್ಡು ಕಳಿಸುವ ಎಕ್ಸ್‌ಚೇಂಜ್ ಆ್ಯಪ್, ಎನ್‌ಆರ್‌ಐ ಖಾತೆಯ ಒಟಿಪಿ, ಯುಎಇ ಪಾಸ್, ಎಮಿರೇಟ್ಸ್ ಐಡಿ ಮತ್ತು ಪಾಸ್‌ಪೋರ್ಟಿನ ಫೋಟೋ, ಮನೆಯವರ ವಿಡಿಯೋ ಎಲ್ಲವೂ ಈಗ ಒಂದೇ ಫೋನಿನಲ್ಲಿ ಉಂಟು. ಫೋನ್ ರಿಪೇರಿಗೆ ಹೋದಾಗ ಇದೆಲ್ಲ ಅಂಗಡಿಯವನ ಕೈಗೆ ಹೋಗುತ್ತದೆ. ಆದರೂ ಶಾರ್ಜಾದ ರೋಲಾ, ದುಬೈನ ದೇರಾ, ಬರ್ ದುಬೈ ಕಡೆಯ ಸಣ್ಣ ಅಂಗಡಿಗಳಲ್ಲಿ ನಮ್ಮವರು ಒಂದು ಚೀಟಿಯೂ ಇಲ್ಲದೆ, ‘ನಾಳೆ ಬನ್ನಿ’ ಅನ್ನುವ ಮಾತನ್ನು ನಂಬಿ ಫೋನ್ ಕೊಟ್ಟು ಬರುತ್ತಾರೆ. ಆಫೀಸಿನಲ್ಲಿ ಇಪ್ಪತ್ತು ದಿರ್ಹಮ್‌ನ ಪೆಟ್ಟಿ ಕ್ಯಾಶಿಗೂ ವೋಚರ್ ಕೇಳುವ ನನ್ನಂಥ ಅಕೌಂಟೆಂಟ್‌ಗೆ ಇದನ್ನು ನೋಡುವಾಗ ಎದೆ ಧಸಕ್ ಅನ್ನುತ್ತದೆ.

ಮೊದಲು ವಾರಂಟಿ ನೋಡಿ. ಖರೀದಿಸಿ ವರ್ಷ ಆಗದಿದ್ದರೆ ಬಿಲ್ ಹಿಡಿದುಕೊಂಡು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೇ ಹೋಗಿ. ಹೊರಗಿನ ಅಂಗಡಿಯವರು ಒಮ್ಮೆ ಬಿಚ್ಚಿದರೆ ಕಂಪನಿ ಕೈ ಎತ್ತುವ ಸಾಧ್ಯತೆ ಹೆಚ್ಚು. ಒಡೆದ ಸ್ಕ್ರೀನ್, ನೀರು ಹೋದ ಫೋನ್ ಸಾಮಾನ್ಯವಾಗಿ ವಾರಂಟಿಗೆ ಬರುವುದಿಲ್ಲ. ಊರಿಂದ ತಂದ ಫೋನಿಗೆ ಇಲ್ಲಿ ವಾರಂಟಿ ಸಿಗಬೇಕೆಂದಿಲ್ಲ, ಅನೇಕ ಕಂಪನಿಗಳದ್ದು ಖರೀದಿಸಿದ ದೇಶಕ್ಕೆ ಮಾತ್ರ.

ಫೋನ್ ಕೊಡುವ ಮುಂಚೆ ಸಿಮ್, ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಸಿಮ್ ನಿಮ್ಮ ಐಡಿಯಲ್ಲಿ ನೋಂದಣಿ ಆಗಿರುವುದರಿಂದ ಅದರಿಂದ ಯಾರು ಏನು ಮಾಡಿದರೂ ಮೊದಲು ವಿಚಾರಣೆ ನಿಮ್ಮನ್ನೇ. ಫೋಟೋ, ಕಾಂಟ್ಯಾಕ್ಟ್, ವಾಟ್ಸ್‌ಆ್ಯಪ್ ಬ್ಯಾಕಪ್ ಮಾಡಿ. ಮದರ್‌ಬೋರ್ಡ್ ಬದಲಿಸಬೇಕಾಗಿ ಬಂದರೆ ಒಳಗಿದ್ದದ್ದು ವಾಪಸ್ ಬರುವುದಿಲ್ಲ. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಬರೆದಿಡಿ.

ಲಾಕ್ ನಂಬರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ‘ಟೆಸ್ಟ್ ಮಾಡ್ಲಿಕ್ಕೆ ಪಾಸ್‌ವರ್ಡ್ ಬೇಕು’ ಅಂತ ಅಂಗಡಿಯವರು ಕೇಳ್ತಾರೆ. ಈಚಿನ ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ‘ಮೆಂಟೆನೆನ್ಸ್ ಮೋಡ್’, ಗೂಗಲ್ ಪಿಕ್ಸೆಲ್‌ನಲ್ಲಿ ‘ರಿಪೇರ್ ಮೋಡ್’ ಅಂತ ಉಂಟು. ಅದನ್ನು ಆನ್ ಮಾಡಿ ಕೊಟ್ಟರೆ ಫೋನ್ ಕೆಲಸ ಮಾಡುತ್ತದೆ, ಆದರೆ ನಿಮ್ಮ ಫೋಟೋ, ಮೆಸೇಜ್ ಕಾಣುವುದಿಲ್ಲ. ಐಫೋನ್‌ನಲ್ಲಿ ‘ಫೈಂಡ್ ಮೈ’ ಬಗ್ಗೆ ಕೇಳಿದರೆ ಬೇಕಾದ ಬದಲಾವಣೆಯನ್ನು ನೀವೇ ಮಾಡಿಕೊಡಿ. ಆಪಲ್ ಐಡಿ ಪಾಸ್‌ವರ್ಡನ್ನು ಮಾತ್ರ ಯಾರಿಗೂ ಹೇಳಬೇಡಿ. ಸ್ಕ್ರೀನ್ ಪೂರ್ತಿ ಸತ್ತು ಏನೂ ಮಾಡಲಿಕ್ಕೆ ಆಗದಿದ್ದರೆ ಎದುರೇ ಕೂತು ಮಾಡಿಸಿಕೊಳ್ಳಿ. ಬಹುತೇಕ ಸ್ಕ್ರೀನ್, ಬ್ಯಾಟರಿ ಕೆಲಸಕ್ಕೆ ಇಡೀ ದಿನ ಬೇಕಾಗುವುದಿಲ್ಲ.

ಈಗ ಚೀಟಿ. ಕೆಲವು ಕಡೆ ಜಾಬ್ ಕಾರ್ಡ್ ಅಂತಾರೆ. ಅದರಲ್ಲಿ ಅಂಗಡಿಯ ಹೆಸರು, ತಾರೀಕು, ಮಾಡೆಲ್, ಐಎಂಇಐ, ಏನು ಕೆಟ್ಟಿದೆ, ಕೊಡುವಾಗ ಫೋನಿನ ಸ್ಥಿತಿ, ಅಂದಾಜು ಮೊತ್ತ, ಯಾವಾಗ ಸಿಗುತ್ತದೆ ಎನ್ನುವುದು ಇರಬೇಕು. ‘ಬಿಚ್ಚಿ ನೋಡಿ ಹೇಳ್ತೇವೆ’ ಅಂದರೆ ತಪ್ಪಿಲ್ಲ, ಕೆಲವು ತೊಂದರೆ ಬಿಚ್ಚದೆ ಗೊತ್ತಾಗುವುದಿಲ್ಲ. ಆದರೆ ಎರಡು ಪ್ರಶ್ನೆ ಅಲ್ಲೇ ಕೇಳಿ: ರಿಪೇರಿ ಬೇಡ ಅಂದರೆ ನೋಡಿದ್ದಕ್ಕೆ ಎಷ್ಟು? ಅಂದಾಜಿಗಿಂತ ಜಾಸ್ತಿ ಆದರೆ ನನ್ನನ್ನು ಕೇಳಿಯೇ ಮುಂದುವರಿಯುತ್ತೀರಾ? ಉತ್ತರವನ್ನೂ ಚೀಟಿಯಲ್ಲಿ ಬರೆಸಿ. ಕೆಲವು ಚೀಟಿಗಳ ಹಿಂದೆ ‘ಇಷ್ಟು ದಿನದೊಳಗೆ ಒಯ್ಯದಿದ್ದರೆ ನಾವು ಜವಾಬ್ದಾರರಲ್ಲ’ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ರಜೆಗೆ ಊರಿಗೆ ಹೊರಟವರು, ದೂರದ ಸೈಟಿಗೆ ಹೋಗುವವರು ಅದನ್ನು ಓದಲೇಬೇಕು.

ಪಾರ್ಟ್ಸ್ ವಿಷಯದಲ್ಲೇ ಹೆಚ್ಚು ಜಗಳ. ‘ಒರಿಜಿನಲ್’ ಅಂದರೆ ಕಂಪನಿಯದ್ದಾ, ಹಳೆ ಫೋನಿಂದ ಬಿಚ್ಚಿದ್ದಾ, ಕಾಪಿಯಾ? ಕಾಪಿ ಹಾಕಿಸುವುದು ಅಪರಾಧ ಅಲ್ಲ ಮಾರಾಯ್ರೆ, ಹಳೆ ಫೋನಿಗೆ ಅದೇ ಸಾಕು. ಕಾಪಿಗೆ ಒರಿಜಿನಲ್ ರೇಟು ಕೊಡಬಾರದು ಅಷ್ಟೆ. ಯಾವುದು ಹಾಕಿದ್ದು, ಎಷ್ಟು ದಿನದ ಗ್ಯಾರಂಟಿ ಅಂತ ಬಿಲ್ಲಿನಲ್ಲಿ ಇರಲಿ. ಐಫೋನ್ 12 ಮತ್ತು ನಂತರದವುಗಳಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋದರೆ ಬದಲಿಸಿದ ಸ್ಕ್ರೀನ್, ಬ್ಯಾಟರಿ ಅಸಲಿಯೋ ಅಲ್ಲವೋ ಕಾಣುತ್ತದೆ. ಬಿಚ್ಚಿದ ಹಳೆ ಭಾಗವನ್ನು ಕೇಳಿ ನೋಡಿ. ಒಮ್ಮೆ ತೆರೆದ ಫೋನ್ ಮೊದಲಿನ ಹಾಗೆ ನೀರು ತಡೆಯುತ್ತದೆ ಅಂತ ನಂಬಬೇಡಿ.

ಬಿಲ್ಲಿಗೆ ಬರುವ. ಯುಎಇಯಲ್ಲಿ ವ್ಯಾಟ್ ಶೇ. 5, ಅಂದರೆ 200 ದಿರ್ಹಮ್ ಕೆಲಸಕ್ಕೆ 10 ದಿರ್ಹಮ್. ಗ್ರಾಹಕರಿಗೆ ತೋರಿಸುವ ರೇಟಿನಲ್ಲಿ ವ್ಯಾಟ್ ಸೇರಿಯೇ ಇರಬೇಕು. ವರ್ಷಕ್ಕೆ 3,75,000 ದಿರ್ಹಮ್‌ಗಿಂತ ಕಡಿಮೆ ವಹಿವಾಟಿನ ಅಂಗಡಿಗೆ ವ್ಯಾಟ್ ನೋಂದಣಿ ಕಡ್ಡಾಯ ಇಲ್ಲ. ನೋಂದಣಿ ಇಲ್ಲದವರು ವ್ಯಾಟ್ ವಸೂಲಿ ಮಾಡುವಂತಿಲ್ಲ. ಬಿಲ್ಲಿನಲ್ಲಿ 15 ಅಂಕಿಯ ಟಿಆರ್‌ಎನ್ ಇಲ್ಲದೆ ‘ವ್ಯಾಟ್’ ಅಂತ ಬರೆದಿದ್ದರೆ ಕೇಳುವ ಹಕ್ಕು ನಿಮಗುಂಟು. ‘ಬಿಲ್ ಬೇಡ ಅಂದ್ರೆ ಹತ್ತು ದಿರ್ಹಮ್ ಕಮ್ಮಿ’ ಅನ್ನುವ ಆಫರ್ ಒಪ್ಪಿಕೊಂಡರೆ ಆ ಹತ್ತು ದಿರ್ಹಮ್‌ಗೆ ಗ್ಯಾರಂಟಿಯನ್ನು ಮಾರಿದಂತೆ.

ಅಂಗಡಿ ಬಿಡುವ ಮೊದಲು ಐದು ನಿಮಿಷ ಕೊಡಿ. ಕಾಲ್ ಮಾಡಿ, ಸ್ಪೀಕರ್, ಮೈಕ್, ಎರಡೂ ಕ್ಯಾಮೆರಾ, ಚಾರ್ಜಿಂಗ್, ಫಿಂಗರ್‌ಪ್ರಿಂಟ್, ವೈಫೈ ನೋಡಿ. ಐಎಂಇಐ ಹೋಲಿಸಿ. ಹಣ ಆಮೇಲೆ.

ರಿಪೇರಿ ನಿಲ್ಲದಿದ್ದರೆ? ಯುಎಇಯ 2020ರ ಗ್ರಾಹಕ ಸಂರಕ್ಷಣಾ ಕಾನೂನು, ಅಂದರೆ 15ನೇ ನಂಬರಿನ ಫೆಡರಲ್ ಕಾನೂನು, ವಸ್ತುಗಳ ಜೊತೆಗೆ ಸೇವೆಗೂ ಅನ್ವಯಿಸುತ್ತದೆ. ಮೊದಲು ಅಂಗಡಿಯವರಿಗೆ ಬಿಲ್ ತೋರಿಸಿ ಮಾತಾಡಿ, ವಾಟ್ಸ್‌ಆ್ಯಪ್‌ನಲ್ಲೂ ಬರೆದು ಹಾಕಿ. ಆಗಲಿಲ್ಲ ಅಂದರೆ ದುಬೈಯವರು ಗ್ರಾಹಕ ಸಂರಕ್ಷಣಾ ವಿಭಾಗಕ್ಕೆ ಆನ್‌ಲೈನಿನಲ್ಲೇ ದೂರು ಕೊಡಬಹುದು. ಬೇರೆ ಎಮಿರೇಟ್‌ಗಳಲ್ಲಿ ಅಲ್ಲಿನ ಆರ್ಥಿಕ ಅಭಿವೃದ್ಧಿ ಇಲಾಖೆ ಉಂಟು. ಅಲ್ಲಿ ಮೊದಲು ಕೇಳುವುದೇ ಬಿಲ್.

ಸೌದಿಯಲ್ಲಿರುವವರಿಗೆ ಲೆಕ್ಕ ಬೇರೆ. ಅಲ್ಲಿ ವ್ಯಾಟ್ ಶೇ. 15, ದೂರಿಗೆ ವಾಣಿಜ್ಯ ಸಚಿವಾಲಯದ 1900. ಮೊಬೈಲ್ ಮಾರಾಟ ಮತ್ತು ರಿಪೇರಿ ಕೆಲಸವನ್ನು 2016ರಲ್ಲೇ ಸೌದಿ ಪ್ರಜೆಗಳಿಗೆ ಮೀಸಲಿಟ್ಟಿದ್ದಾರೆ. ಹಾಗಾಗಿ ರೂಮಿನಲ್ಲಿ ಕೂತು ಕದ್ದುಮುಚ್ಚಿ ರಿಪೇರಿ ಮಾಡುವ ಪರಿಚಯದವನಿಗೆ ಫೋನ್ ಕೊಟ್ಟರೆ, ಎಡವಟ್ಟಾದಾಗ ದೂರು ಕೊಡಲಿಕ್ಕೂ ಜಾಗ ಇಲ್ಲ, ಅವನಿಗೂ ಅಪಾಯ.

ಬ್ಯಾಟರಿ ಉಬ್ಬಿದ ಫೋನ್ ಮಾತ್ರ ಕಾಯುವಂಥದ್ದಲ್ಲ. ಇಲ್ಲಿನ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಫೋನ್‌ಗೆ ಈ ಗತಿ ಬರಬಹುದು. ಹಿಂಬದಿಯ ಕವರ್ ಎದ್ದಿದ್ದರೆ ಚಾರ್ಜಿಗೆ ಇಡಬೇಡಿ, ಒತ್ತಬೇಡಿ, ಬಂಕ್ ಬೆಡ್ಡಿನ ದಿಂಬಿನಡಿ ಇಟ್ಟು ಮಲಗಬೇಡಿ. ‘ಮಂಗಳೂರಿಗೆ ಹೋದ ಮೇಲೆ ಕಮ್ಮಿಗೆ ಮಾಡಿಸ್ತೇನೆ’ ಅಂತ ಇಟ್ಟುಕೊಳ್ಳುವುದೂ ಬೇಡ. ಹಾಳಾದ, ಉಬ್ಬಿದ ಬ್ಯಾಟರಿಯನ್ನು ವಿಮಾನದಲ್ಲಿ ಲಗೇಜಿನಲ್ಲೂ ಕೈಚೀಲದಲ್ಲೂ ಒಯ್ಯುವಂತಿಲ್ಲ. ಹೊರಡುವ ಮುಂಚೆ ಇಲ್ಲೇ ಬದಲಿಸಿ, ಹಳೆಯದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.